ಹೊಸಹಳ್ಳಿಯವರೆಲ್ಲ ನಮ್ಮವರು

ನಮ್ಮ ಕಡೆಯವರಿಗೆ ಸರ್‌ನೇಮ್ ಎಂಬುದು ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಹೆಸರಿನ ಮುಂದೆ ಒಂದು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಒಂದು ಚುಕ್ಕೆ, ಅಷ್ಟೆ. ಆ ಅಕ್ಷರ ಊರಿನದೋ ಅಪ್ಪನದೋ ಎಂದು ಯಾರೂ ಕೇಳುವುದಿಲ್ಲ. ನಾನೂ ನಲವತ್ತು ವರ್ಷ ಹೆಚ್. ರಾಜಣ್ಣ ಎಂದು ಸಹಿ ಹಾಕಿಕೊಂಡು ಮರ್ಯಾದೆಯಿಂದ ಬದುಕಿದ್ದೆ. ಮರ್ಯಾದೆ ಹೋದದ್ದು ಆ ಹೆಚ್ ಅನ್ನು ಬಿಡಿಸಿ ಬರೆದ ಮೇಲೆ.

ಬಿಡಿಸಿ ಬರೆಯಬೇಕಾದದ್ದು ಕಂಪ್ಯೂಟರಿನ ದೆಸೆಯಿಂದ. ತೊಂಬತ್ತರ ದಶಕ ಮುಗಿಯುತ್ತಿತ್ತು. ತುಮಕೂರು ಪಕ್ಕದ ಹಿರೇಹಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನಟ್ಟು, ಬೋಲ್ಟು ಎಣಿಸಿ ಕೊಡುವುದು ನನ್ನ ಕೆಲಸ. ಆ ವರ್ಷ ಕಾರ್ಖಾನೆಗೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಒಂದು ಫಾರಂ ಬಂತು. ಅದರಲ್ಲಿ ಹೆಸರಿಗೆ ಒಂದು ಖಾನೆ, ಸರ್‌ನೇಮ್‌ಗೆ ಇನ್ನೊಂದು ಖಾನೆ. ನಾನು ಎರಡನೆಯದನ್ನು ಖಾಲಿ ಬಿಟ್ಟೆ. ಆಫೀಸಿನ ಗುಮಾಸ್ತ ಕರೆದ.

"ಇದ್ನ ಖಾಲಿ ಬುಟ್ರೆ ಕಂಪ್ಯೂಟರು ನಿಮ್ಮುನ್ನ ಮನುಷ್ಯ ಅಂತ್ಲೇ ಒಪ್ಪಲ್ಲ ರಾಜಣ್ಣ. ಹೆಚ್ ಅಂದ್ರೆ ಏನು?"

"ಹೊಸಹಳ್ಳಿ. ನಮ್ಮೂರು."

"ಹಾಕಿ ಮತ್ತೆ ಅದನ್ನೇ."

ಹಾಕಿದೆ. ಒಂದು ವಾರದ ನಂತರ ನನ್ನ ಹೊಸ ಗುರುತಿನ ಚೀಟಿ ಬಂತು. ಅದರಲ್ಲಿ ರಾಜಣ್ಣ ಹೊಸಹಳ್ಳಿ ಎಂದು ಅಚ್ಚಾಗಿತ್ತು. ಅದನ್ನು ಓದಿದಾಗ ನನಗೆ ಆದದ್ದನ್ನು ಹೇಗೆ ಹೇಳಲಿ? ಅಲ್ಲಿಯವರೆಗೆ ನಾನು ಒಬ್ಬ ಮನುಷ್ಯನಾಗಿದ್ದೆ, ಈಗ ಒಂದು ಮನೆತನವಾದೆ. ಅದೇ ಭಾನುವಾರ ಶೆಟ್ಟಿಹಳ್ಳಿಯ ನಮ್ಮ ಮನೆಯ ಗೇಟಿಗೆ 'ಹೊಸಹಳ್ಳಿ ರಾಜಣ್ಣ' ಎಂಬ ಹಿತ್ತಾಳೆ ಬೋರ್ಡು ಬಿತ್ತು. ನನ್ನ ಹೆಂಡತಿ ಗಿರಿಜ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಏನೇ ಬೋರ್ಡ್ ಹಾಕ್ಕಳಿ, ನೀರಿನ್ ಟ್ಯಾಂಕ್ ಪಕ್ಕದ್ ಮನೆ ಅಂತ್ಲೇ ಜನ ಹುಡುಕ್ಕೊಂಡು ಬರೋದು" ಎಂದು ಹೇಳಿ ಒಳಗೆ ಹೋದಳು.

ಅವಳಿಗೆ ವಂಶದ ಘನತೆ ತಿಳಿಯದು ಎಂದುಕೊಂಡೆ. ನಾನು ಒಂದು ಫೈಲು ಕೊಂಡು, ಅದರ ಮೇಲೆ 'ಹೊಸಹಳ್ಳಿ ವಂಶಾವಳಿ' ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪಕ್ಷರಗಳಲ್ಲಿ ಬರೆದೆ. ಜಿಲ್ಲೆಯ ಟೆಲಿಫೋನ್ ಡೈರೆಕ್ಟರಿ ತೆಗೆದು ಹುಡುಕಿದರೆ ಒಂಬತ್ತು ಜನ ಹೊಸಹಳ್ಳಿಗಳು ಸಿಕ್ಕಿದರು. ಒಬ್ಬೊಬ್ಬರಿಗೂ ಫೋನು ಮಾಡಿ, ನಾವೂ ನೀವೂ ದಾಯಾದಿಗಳಿರಬಹುದು ಎಂದು ತಿಳಿಸಿದೆ. ಆರು ಜನ ತಮಗೆ ಇನ್ಷೂರೆನ್ಸ್ ಪಾಲಿಸಿ ಬೇಡ ಎಂದರು. ಇಬ್ಬರು, ಆಸ್ತಿಯ ವಿಚಾರವಾದರೆ ಲಾಯರ್ ಜೊತೆ ಮಾತಾಡಿ ಎಂದರು. ಕುಣಿಗಲ್ಲಿನ ಒಬ್ಬ ಹಿರಿಯರು ಮಾತ್ರ ತಾಳ್ಮೆಯಿಂದ ಬುದ್ಧಿ ಹೇಳಿದರು.

"ನೋಡಿ ಸ್ವಾಮಿ, ನಮ್ ತಾಲ್ಲೂಕೊಂದ್ರಲ್ಲೇ ಎಷ್ಟೋ ಹೊಸಹಳ್ಳಿ ಅವೆ. ಯಾರಾದ್ರೂ ಹೊಸ್ದಾಗಿ ನಾಲ್ಕ್ ಮನೆ ಕಟ್ಕಂಡ್ರೆ ಅದು ಹೊಸಹಳ್ಳಿ. ಹಿಂಗೆ ನೆಂಟ್ರುನ್ನ ಹುಡುಕ್ತಾ ಹೋದ್ರೆ ನಿಮ್ ಆಯಸ್ಸು ಸಾಕಾಗಲ್ಲ."

ಆ ಮಾತನ್ನು ನಾನು ಫೈಲಿನಲ್ಲಿ ಬರೆದುಕೊಳ್ಳಲಿಲ್ಲ. ಬರೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಇಷ್ಟಕ್ಕೂ ನನಗೆ ನೆಂಟರ ಹುಚ್ಚು ಹಿಡಿದದ್ದಕ್ಕೆ ಬೇರೆ ಕಾರಣವಿತ್ತು. ನನ್ನ ತಂಗಿ ಶಾರದಳಿಗೆ ಮೂವತ್ತು ದಾಟಿತ್ತು. ಅಪ್ಪ ಅಮ್ಮ ಇಲ್ಲ, ಅವಳಿಗೆ ನಾನೇ ದಿಕ್ಕು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಹುಡುಗಿ ಲಕ್ಷಣವಾಗಿದ್ದಾಳೆ ಎಂದು ಹೇಳಿ, ಆಮೇಲೆ ಬೇರೆಯವರ ಕೈಲಿ ಹೇಳಿ ಕಳಿಸುತ್ತಿದ್ದರು: ಹುಡುಗಿ ಚೆನ್ನಾಗವಳೆ, ಆದರೆ ಮನೇಲಿ ಜನ ಇಲ್ಲ. ಹಿಂದೆ ಮುಂದೆ ಯಾರೂ ಇಲ್ಲದ ಮನೆ. ಹೀಗೆ ಮೂರು ಸಂಬಂಧ ತಪ್ಪಿದ್ದವು.

ನಾಲ್ಕನೆಯದು ಕುಣಿಗಲ್ಲಿನವರದು. ಹುಡುಗ ನಾಗರಾಜ ಹುಲಿಯೂರುದುರ್ಗದಲ್ಲಿ ಹೈಸ್ಕೂಲು ಮೇಷ್ಟ್ರು. ಮಾತು ಕಡಿಮೆ, ನಗು ಚೆನ್ನ. ಹುಡುಗನ ಅಪ್ಪ ಹೆಚ್. ಚಿಕ್ಕಣ್ಣನವರು ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ನಮ್ಮ ಹಾಲನ್ನೆಲ್ಲ ಒಮ್ಮೆ ನೋಡಿದರು. ಅವರ ಕಡೆಯಿಂದ ಹದಿನಾಲ್ಕು ಜನ ಬಂದಿದ್ದರು. ನಮ್ಮ ಕಡೆಯಿಂದ ನಾನು ಒಬ್ಬ ಕೂತಿದ್ದೆ.

"ನಿಮ್ ಕಡೆ ದೊಡ್ಡೋರು ಯಾರು?" ಎಂದು ಕೇಳಿದರು.

"ನಾನೇ."

"ನೀವೊಬ್ರೇನಾ?"

ಅವರು ಅದನ್ನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಆದರೂ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾರದ ತಲೆ ತಗ್ಗಿಸಿದ್ದು ನನಗೆ ಕಂಡಿತು. ಸಂಬಂಧ ಒಪ್ಪಿಗೆಯಾಯಿತು, ಮುಂದಿನ ಭಾನುವಾರಕ್ಕೆ ನಿಶ್ಚಿತಾರ್ಥವೂ ಗೊತ್ತಾಯಿತು. ಆದರೆ ಆ "ನೀವೊಬ್ರೇನಾ" ನನ್ನ ಕಿವಿಯಲ್ಲೇ ಉಳಿಯಿತು. ಭಾನುವಾರದೊಳಗೆ ಎಲ್ಲಿಂದಾದರೂ ಒಬ್ಬ ದೊಡ್ಡ ನೆಂಟನನ್ನು ತಂದು ಕೂರಿಸಬೇಕು ಎಂದು ತೀರ್ಮಾನಿಸಿದೆ.

ಸೋಮವಾರ ಬೆಳಗ್ಗೆ ಊರಿನ ಸಣ್ಣ ಪತ್ರಿಕೆಯಲ್ಲಿ ನೆಂಟ ಸಿಕ್ಕಿದ. ಆದರೆ ತೀರಿಕೊಂಡಿದ್ದ.

'ಗುಬ್ಬಿಯ ಹೊಸಹಳ್ಳಿ ಸಾಹುಕಾರರು ಇನ್ನಿಲ್ಲ' ಎಂಬ ತಲೆಬರಹ. ನಮ್ಮ ತಾತನಿಗೆ ತಿಮ್ಮಣ್ಣ ಎಂಬ ತಮ್ಮನಿದ್ದ. ಬಾವಿಯ ರಾಟೆ ಯಾರಿಗೆ ಸೇರಬೇಕು ಎಂಬ ಜಗಳದಲ್ಲಿ ಮುನಿಸಿಕೊಂಡು ಉಟ್ಟ ಬಟ್ಟೆಯಲ್ಲೇ ಊರು ಬಿಟ್ಟ. ಗುಬ್ಬಿ ಕಡೆ ಹೋಗಿ ವ್ಯಾಪಾರದಲ್ಲಿ ಚೆನ್ನಾಗಿದ್ದಾನಂತೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಗುಬ್ಬಿ, ಹೊಸಹಳ್ಳಿ, ಸಾಹುಕಾರ! ಇನ್ನೇನು ಬೇಕು? ಇವರು ಆ ತಿಮ್ಮಣ್ಣನ ಮಗನೇ ಇರಬೇಕು. ನಾನು ಕತ್ತರಿ ತಂದು ತಲೆಬರಹವನ್ನು ಅಂದವಾಗಿ ಕತ್ತರಿಸಿ ಫೈಲಿನಲ್ಲಿ ಅಂಟಿಸಿದೆ. ಕೆಳಗಿನ ಸಾಲುಗಳನ್ನು ಓದುವ ವ್ಯವಧಾನ ನನಗಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಅರ್ಧ ದುಃಖ, ಅರ್ಧ ಸಂತೋಷ. ಹೇಳಿಕೊಳ್ಳಲು ನಾಚಿಕೆ, ಆದರೆ ಸಂತೋಷವೇ ಸ್ವಲ್ಪ ಹೆಚ್ಚು.

ಕೂಡಲೇ ಮನೆಯವರನ್ನು ಕರೆದು ಹತ್ತು ದಿನದ ಸೂತಕವನ್ನು ಘೋಷಿಸಿದೆ. ನಿಶ್ಚಿತಾರ್ಥ ಮುಂದಕ್ಕೆ.

"ಅವ್ರು ನಮ್ಮುನ್ನ ಹಬ್ಬಕ್ಕೆ ಕರ್ದಿಲ್ಲ, ಮದ್ವೆಗೆ ಕರ್ದಿಲ್ಲ. ಸೂತಕಕ್ಕೆ ಮಾತ್ರ ನೆಂಟ್ರಾ ನಾವು?" ಎಂದಳು ಗಿರಿಜ.

"ರಕ್ತ ಕಣೇ. ರಕ್ತಕ್ಕೆ ಕರೆಯೋಲೆ ಬೇಕಾ?"

ಶಾರದ ನಿಶ್ಚಿತಾರ್ಥದ ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸಿ ಕೇಳಿದಳು. "ಅಣ್ಣ, ಅವ್ರು ನಮ್ಮೋರೇ ಅಂತ ಗ್ಯಾರಂಟೀನಾ? ಮುಂದಕ್ಕಾಕಿದ್ರೆ ಇವ್ರೂ ಬೇಡ ಅಂದ್ಬುಟ್ರೆ?"

ಗ್ಯಾರಂಟಿ ಎಂದು ಎದೆ ಮುಟ್ಟಿಕೊಂಡು ಹೇಳಿದೆ. ಅವಳು ಸೀರೆಯನ್ನು ಮಡಿಚಿ ಬೀರುವಿನಲ್ಲಿಟ್ಟಳು. ಇವತ್ತಿಗೂ ಆ ಬೀರುವಿನ ಬಾಗಿಲು ಹಾಕಿದ ಶಬ್ದ ನೆನಪಾದರೆ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಕುಣಿಗಲ್ಲಿಗೆ ಫೋನು ಮಾಡಿ ಗಂಭೀರವಾದ ಧ್ವನಿಯಲ್ಲಿ ತಿಳಿಸಿದೆ. "ಗುಬ್ಬಿ ಹೊಸಹಳ್ಳಿ ಸಾಹುಕಾರ್ರು ತೀರ್ಕೊಂಡ್ರು. ನಮ್ಮೋರು. ಈ ಭಾನ್ವಾರ ಶುಭಕಾರ್ಯ ಮಾಡೋಂಗಿಲ್ಲ."

ಚಿಕ್ಕಣ್ಣನವರು ಬಹಳ ಹೊತ್ತು ಮಾತಾಡಲಿಲ್ಲ.

"ನಿಮ್ಮೋರಾ?" ಎಂದರು ಕೊನೆಗೆ.

"ನಮ್ಮೋರೇ."

"ಸರಿ. ಬುಧವಾರ ನಾನೂ ಬರ್ತೀನಿ ಗುಬ್ಬಿಗೆ. ಅಲ್ಲೇ ಸಿಗೋಣ."

ಫೋನು ಇಟ್ಟು ಮೀಸೆ ತಿರುವಿದೆ. ಎಷ್ಟು ಹೊತ್ತು ಮಾತೇ ಹೊರಡಲಿಲ್ಲ, ನೋಡಿ! ಸಾಹುಕಾರರ ಮನೆತನ ಎಂದ ಕೂಡಲೇ ಬೀಗರು ದಂಗಾಗಿಬಿಟ್ಟರು ಎಂದುಕೊಂಡೆ.

ತಿರುವಿದ ಮೀಸೆ ಮರುದಿನ ಉಳಿಯಲಿಲ್ಲ. ತಲೆ ಬೋಳಿಸುವುದೇನಿದ್ದರೂ ಸೂತಕದ ಕಡೆಯ ದಿನ. ಆದರೆ ಚಿಕ್ಕಣ್ಣನವರು ನೋಡುವುದು ಬುಧವಾರವಾದ್ದರಿಂದ ಮಂಗಳವಾರವೇ ನಮ್ಮ ಬೀದಿಯ ಕಟಿಂಗ್ ಷಾಪಿಗೆ ಹೋಗಿ ಕೂತೆ.

"ಯಾರ್ ಸಾರ್ ತೀರ್ಕೊಂಡಿದ್ದು?"

"ದೊಡ್ಡಪ್ಪ."

"ಅಯ್ಯೋ ಪಾಪ. ಏನ್ ಅವ್ರೆಸ್ರು?"

ನಾನು ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡಿದೆ. ಹೆಸರು ನನಗೆ ಗೊತ್ತಿರಲಿಲ್ಲ. "ಸಾಹುಕಾರರು" ಎಂದೆ. ಅವನು ಮತ್ತೇನೂ ಕೇಳದೆ ಕತ್ತಿ ಎತ್ತಿಕೊಂಡ. ಇಪ್ಪತ್ತು ವರ್ಷ ಸಾಕಿದ್ದ ಮೀಸೆಯೂ ಹೋಯಿತು. ಮನೆಗೆ ಬಂದಾಗ ಗಿರಿಜ ಬಾಗಿಲಲ್ಲಿ ನಿಂತು, "ಯಾರ್ ಬೇಕಾಗಿತ್ತು?" ಎಂದು ಕೇಳಿದಳು. ತಮಾಷೆಗೆ ಕೇಳಿದಳೋ ನಿಜವಾಗಿಯೋ ಇನ್ನೂ ಹೇಳಿಲ್ಲ.

ಬುಧವಾರ ಹೊಸ ಪಂಚೆ ಉಟ್ಟು, ಒಂದು ದೊಡ್ಡ ಸೇವಂತಿಗೆ ಹಾರ, ವಂಶಾವಳಿಯ ಫೈಲು ಹಿಡಿದುಕೊಂಡು ಗುಬ್ಬಿ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಹೊಸಹಳ್ಳಿ ಸಾಹುಕಾರರ ಮನೆ ಕೇಳಿದರೆ, ಹೂವಿನವಳು, ಆಟೋದವನು, ಸೈಕಲ್ ಷಾಪಿನವನು ಮೂವರೂ ಒಂದೇ ಕಡೆ ಕೈ ತೋರಿಸಿದರು. "ಹುಣ್ಸೇಹಣ್ಣಿನ ಮಂಡಿ ಹಿಂದ್ಗಡೆ. ಜನ ಸೇರಿರೋ ಕಡೆ ಹೋಗಿ." ನನ್ನ ಎದೆ ಉಬ್ಬಿತು. ನಮ್ಮ ಮನೆತನ ಎಂದರೆ ಹೀಗಿರಬೇಕು.

ಬಿಸಿಲಿಗೆ ಹೊಸ ಬೋಳುತಲೆ ಉರಿಯುತ್ತಿತ್ತು. ಟವೆಲನ್ನು ತಲೆಯ ಮೇಲಿಂದ ಮುಖದವರೆಗೆ ಎಳೆದುಕೊಂಡಿದ್ದೆ. ಶಾಮಿಯಾನ ಬಂದ ಕೂಡಲೇ ಅಳಲು ಶುರು ಮಾಡಿದೆ. ನನಗೆ ಕಾಣುತ್ತಿದ್ದದ್ದು ನೆಲ, ಕುರ್ಚಿಯ ಕಾಲು, ಜನರ ಪಾದ ಮಾತ್ರ. ಯಾರೋ ತೋಳು ಹಿಡಿದು ಒಂದು ಕುರ್ಚಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ವಯಸ್ಸಾದವರೊಬ್ಬರು ಇದ್ದರು, ಸತ್ತವರ ತಮ್ಮನಂತೆ. ಅಳುವಿನ ಮಧ್ಯೆಯೂ ನಾನು ಕರ್ತವ್ಯ ಮರೆಯಲಿಲ್ಲ. ದಾಯಾದಿಗಳು ಹೌದೋ ಅಲ್ಲವೋ ಎಂದು ತಿಳಿಯಲು ನಮ್ಮ ಕಡೆ ಕೇಳುವುದು ಒಂದೇ ಪ್ರಶ್ನೆ.

"ನಿಮ್ಮ ಮನೆದೇವ್ರು ಯಾವ್ದು ಯಜಮಾನ್ರೇ?"

ಅವರು ನನ್ನ ಕಡೆ ತಿರುಗಿ ಹೇಳಿದರು. "ದೇವ್ರು ಎಲ್ರ ಮನೆಗೂ ಒಬ್ನೇ ಅಲ್ವೇನಪ್ಪ."

ಎಂಥ ಉದಾತ್ತ ಮಾತು, ನಮ್ಮ ವಂಶದವರೇ ಸರಿ ಎಂದುಕೊಳ್ಳುತ್ತಿರುವಾಗ ಅವರು ಒಳಗೆ ಕೂಗಿದರು. "ಇಮ್ತಿಯಾಜ್, ಯಾರೋ ಬಂದವ್ರೆ ನೋಡಪ್ಪ."

ನನ್ನ ಅಳು ನಲ್ಲಿ ತಿರುಗಿಸಿದಂತೆ ನಿಂತಿತು. ಟವೆಲು ಸರಿಸಿ ನೋಡಿದೆ. ಪಕ್ಕದ ಹಿರಿಯರ ಬಿಳಿ ಗಡ್ಡ, ತಲೆಯ ಮೇಲಿನ ಟೋಪಿ, ಸುತ್ತ ಕೂತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ತಲೆಯ ಮೇಲೂ ಟೋಪಿ. ಉಳಿದವರು ಪಂಚೆ ಉಟ್ಟ ಊರಿನ ವ್ಯಾಪಾರಸ್ಥರು. ಮಣ್ಣು ಭಾನುವಾರವೇ ಆಗಿತ್ತು, ಇದು ಮೂರು ದಿನ ಕಳೆದ ಮೇಲಿನ ಪ್ರಾರ್ಥನೆಗೆ ಸೇರಿದ್ದ ಜನ. ಅವರ ನಡುವೆ ಬೋಳುತಲೆಯವನು ನಾನೊಬ್ಬನೇ.

ಆಗ ನನ್ನ ತಲೆಯಲ್ಲಿ ಮೊದಲು ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. 'ಅಯ್ಯೋ, ನನ್ನ ಕೂದಲು ದಂಡವಾಯಿತಲ್ಲ' ಎಂದುಕೊಂಡೆ. ಒಬ್ಬ ಮನುಷ್ಯ ಸತ್ತಿದ್ದಾನೆ, ಅವನ ಮನೆಯವರು ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಾರೆ, ನನಗೆ ಮೋಸವಾದಂತೆ ಅನ್ನಿಸುತ್ತಿದೆ! ಎದ್ದು ಓಡಬೇಕು ಎನ್ನುವಷ್ಟರಲ್ಲಿ ಸಾಹುಕಾರರ ಹಿರಿಯ ಮಗ ಇಮ್ತಿಯಾಜ್ ಬಂದು ನನ್ನ ಕೈ ಹಿಡಿದುಕೊಂಡರು. ಮೂವತ್ತೈದರ ಆಸುಪಾಸಿನವರು.

"ಅಬ್ಬಾ ಹೆಂಗೆ ಪರಿಚಯ ಅಣ್ಣ ನಿಮ್ಗೆ?"

ಬಾಯಿಂದ ಒಂದೇ ಪದ ಹೊರಟಿತು. "ಹೊಸಹಳ್ಳಿ."

"ಊರಿನೋರಾ?" ಅವರ ಮುಖ ಅರಳಿತು. "ಅಬ್ಬಾ ಊರು ಬಿಟ್ಟು ನಲ್ವತ್ತು ವರ್ಷ ಆಯ್ತು. ಆದ್ರೂ ಊರಿಂದ ಒಬ್ರಾದ್ರೂ ಬರ್ತಾರೆ ಅಂತ ಅಮ್ಮಿ ಬೆಳಗ್ಗೆಯಿಂದ ಕೇಳ್ತಾ ಅವ್ರೆ." ಅಷ್ಟು ಹೇಳಿ ಅವರು ನನ್ನ ತಲೆಯನ್ನು ನೋಡಿದರು. "ಇದು... ಅಬ್ಬಾಗೋಸ್ಕರಾನಾ?"

ನಾನು ಹೌದೆಂದು ತಲೆಯಾಡಿಸಿದೆ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ದಿನ ಸಮಾಧಾನ ಮಾಡಿಕೊಂಡಿದ್ದೇನೆ. ಬೋಳಿಸಿದ ತಲೆಯನ್ನು ಆಡಿಸಿದರೂ ಸುಳ್ಳು ಸುಳ್ಳೇ. ಒಳಗಿನಿಂದ ಅಮ್ಮಿ ನನಗೆಂದೇ ಬೇರೆ ಲೋಟದಲ್ಲಿ ಹಾಲು ಜಾಸ್ತಿ ಹಾಕಿದ ಟೀ ಕಳಿಸಿದರು. ತಂದಿದ್ದ ಹಾರವನ್ನು ಹಾಕಲು ಅಲ್ಲಿ ಫೋಟೋ ಇರಲಿಲ್ಲ. ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಮಾರುದ್ದದ ಹಾರ, ಕಂಕುಳಲ್ಲಿ ವಂಶಾವಳಿ. ಹೀಗೆ ಕೂತಿದ್ದಾಗ ಚಿಕ್ಕಣ್ಣನವರು ಒಳಗೆ ಬಂದರು.

ಈಗ ಮುಗಿಯಿತು ಎಂದುಕೊಂಡೆ. ಮುಸ್ಲಿಮರ ಮನೆಯಲ್ಲಿ ದಾಯಾದಿ ಸೂತಕ ಮಾಡುತ್ತಿರುವ ಬೀಗನನ್ನು ನೋಡಿ ಯಾವ ಗಂಡಿನ ಅಪ್ಪ ತಾನೇ ಹೆಣ್ಣು ತೆಗೆದುಕೊಳ್ಳುತ್ತಾನೆ? ಶಾರದಳ ನಾಲ್ಕನೆಯ ಸಂಬಂಧ ನನ್ನ ಕೈಯಾರೆ ಮುರಿಯಿತು. ಆದರೆ ಚಿಕ್ಕಣ್ಣನವರು ನನ್ನ ಕಡೆ ನೋಡಲೇ ಇಲ್ಲ. ನೇರವಾಗಿ ಹೋಗಿ ಆ ಬಿಳಿ ಗಡ್ಡದ ಹಿರಿಯರನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತರು. ಅದು ನಿಜವಾದ ಅಳು. ನನ್ನದಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ಅಲ್ಲಿದ್ದ ಕುರ್ಚಿಗಳಿಗೂ ತಿಳಿದಿರಬೇಕು.

ಅತ್ತು ಮುಗಿಸಿ, ಕನ್ನಡಕ ಒರೆಸಿಕೊಂಡು, ನನ್ನ ಪಕ್ಕ ಬಂದು ಕೂತರು.

"ಒಂದೇ ಸೈಕಲ್ಲಲ್ಲಿ ಹೈಸ್ಕೂಲಿಗೋದೋರು ರಾಜಣ್ಣ ನಾವು. ನಾನು ತುಳೀತಿದ್ದೆ, ಅವ್ನು ಹಿಂದೆ ಕೂತ್ಕಂಡು ಇಬ್ರಿಗೂ ಆಗಂಗೆ ಜೋರಾಗಿ ಪಾಠ ಓದ್ತಿದ್ದ. ನಿಶ್ಚಿತಾರ್ಥ ಮುಂದಕ್ಕಾಕಿ ಅಂತ ಕೇಳೋಕೆ ಸೋಮ್ವಾರ ನಾನೇ ಫೋನ್ ಮುಂದೆ ಕೂತಿದ್ದೆ. ದೋಸ್ತ್ ಸತ್ತ ಅಂತ ಶುಭಕಾರ್ಯ ನಿಲ್ಸು ಅಂದ್ರೆ ಹೆಣ್ಣಿನ ಕಡೆಯೋರು ಏನಂದ್ಕೊಂಡಾರು ಅಂತ ನಾಚ್ಕೆ ಆಗಿ ಸುಮ್ನಿದ್ದೆ. ಅಷ್ಟ್ರಲ್ಲಿ ನಿಮ್ ಫೋನೇ ಬಂತು. ನಮ್ಮೋರು ಅಂದ್ರಿ. ಮಾತೇ ಹೊರಡ್ಲಿಲ್ಲ ನಂಗೆ."

ಅವರು ಮಾತಾಡದೆ ಇದ್ದದ್ದು ಅದಕ್ಕೆ. ಸಾಹುಕಾರರ ಮನೆತನಕ್ಕೆ ದಂಗಾದದ್ದಲ್ಲ. ನನಗೆ ಕಿವಿಯಿಂದ ಕಿವಿಯವರೆಗೆ ಬೋಳುತಲೆಯೆಲ್ಲ ಬಿಸಿಯಾಯಿತು.

"ನೀವೂ ಹೊಸಹಳ್ಳಿಯೋರಾ?" ಎಂದು ತೊದಲಿದೆ. ಅವರ ಹೆಸರಿನ ಹೆಚ್ ಹುಲಿಯೂರುದುರ್ಗದ್ದು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ, ಕೇಳಿರಲಿಲ್ಲ.

"ಮತ್ತೆ? ಕುಣಿಗಲ್ ತಾಲ್ಲೂಕಿನ್ ಹೊಸಹಳ್ಳಿ. ನನ್ ಹೆಚ್ಚೂ ಅದೇ."

ಇದೊಂದು ಹೊಸ ಪೆಟ್ಟು. ಹೊಸಹಳ್ಳಿಯವರೆಲ್ಲ ದಾಯಾದಿಗಳು ಎಂಬ ನನ್ನ ಸಿದ್ಧಾಂತ ಸರಿಯಾದರೆ, ಹುಡುಗ ನಾಗರಾಜ ಶಾರದಳಿಗೆ ಅಣ್ಣನಾಗಬೇಕು! ಇಷ್ಟು ದಿನ ಬೆಳೆಸಿದ್ದ ಸಿದ್ಧಾಂತವನ್ನು ನಾನು ಅಲ್ಲಿಯೇ ಒಂದು ಗುಟುಕು ಟೀ ಜೊತೆ ನುಂಗಿಬಿಟ್ಟೆ.

ಅಷ್ಟಕ್ಕೇ ಮುಗಿಯಲಿಲ್ಲ. ಇಮ್ತಿಯಾಜ್ ಹತ್ತಿರ ಬಂದು, "ಚಿಕ್ಕಣ್ಣ ಚಾಚಾ, ಇವ್ರೂ ನಮ್ಮೂರಿನೋರಂತೆ" ಎಂದರು.

"ಇಲ್ವಲ್ಲ. ಇವ್ರದು ಬೇರೆ ಹೊಸಹಳ್ಳಿ. ತುಮ್ಕೂರು ಪಕ್ಕದ್ದು" ಎಂದರು ಚಿಕ್ಕಣ್ಣನವರು.

ಸುತ್ತ ಇದ್ದ ಐದಾರು ಜನ ನನ್ನ ಕಡೆ ತಿರುಗಿದರು. ಇಮ್ತಿಯಾಜ್ ನನ್ನ ತಲೆ ನೋಡಿದರು, ಹಾರ ನೋಡಿದರು, ಕಂಕುಳಲ್ಲಿದ್ದ ಫೈಲು ನೋಡಿದರು. ಕೆಂಪು ದಪ್ಪಕ್ಷರಗಳು ಅವರ ಕಡೆಗೇ ಇದ್ದವು. ಅವರಿಗೆ ಎಲ್ಲ ಅರ್ಥವಾದದ್ದು ನನಗೂ ಅರ್ಥವಾಯಿತು. ಅಪ್ಪನನ್ನು ಕಳೆದುಕೊಂಡು ಮೂರು ದಿನವಾಗಿದ್ದ ಆ ಮನುಷ್ಯ ನನ್ನನ್ನು ಅಲ್ಲಿಯೇ ಎಬ್ಬಿಸಿ ಕಳಿಸಬಹುದಿತ್ತು.

"ಯಾವ ಹೊಸಹಳ್ಳಿ ಆದ್ರೇನು ಬುಡಿ ಚಾಚಾ" ಎಂದರು. "ಹೊಸಹಳ್ಳಿ ಅಂತ ಹೇಳ್ಕೊಂಡು ಬಂದೋರೆಲ್ಲ ನಮ್ಮೋರು ಅಂತ ಅಬ್ಬಾ ಹೇಳ್ತಿರ್ಲಿಲ್ವಾ? ಮಂಡಿಗೆ ಯಾವ ಹೊಸಹಳ್ಳಿ ಗಾಡಿ ಬಂದ್ರೂ ಊಟ ಹಾಕ್ದೆ ಕಳಿಸ್ತಿರ್ಲಿಲ್ಲ." ಆಮೇಲೆ ನನ್ನ ಕೈಯಿಂದ ಹಾರವನ್ನು ಮೆಲ್ಲಗೆ ತೆಗೆದುಕೊಂಡರು. "ಕೊಡಿ ಅಣ್ಣ. ಸಾಯಂಕಾಲ ಖಬರಸ್ತಾನಕ್ಕೆ ಹೋಗ್ತೀವಿ. ಅಬ್ಬಾ ಮೇಲೆ ಹಾಕೋಣ."

ಆ ಸಾಹುಕಾರರದೂ ನನ್ನದೂ ಒಂದೇ ಸಿದ್ಧಾಂತ ಎಂದು ಅಲ್ಲಿ ಗೊತ್ತಾಯಿತು. ಅವರು ಅದನ್ನು ಹಿಡಿದುಕೊಂಡು ಹಸಿದವರಿಗೆ ಊಟ ಹಾಕಿದರು. ನಾನು ಅದನ್ನು ಹಿಡಿದುಕೊಂಡು ಬೀಗರ ಮುಂದೆ ದೊಡ್ಡವನಾಗಲು ಹೊರಟೆ. ಅವರ ಹೆಸರು ಹಯಾತ್ ಸಾಹೇಬರು ಎಂದು ತಿಳಿದದ್ದೂ ಆಗಲೇ. ತಲೆ ಬೋಳಿಸಿಕೊಂಡ ಮರುದಿನ.

ಮನೆಗೆ ಬಂದರೆ ಗಿರಿಜ ಮೇಜಿನ ಮೇಲೆ ಸೋಮವಾರದ ಪತ್ರಿಕೆ ಹರಡಿಕೊಂಡು ಕೂತಿದ್ದಳು. ತಲೆಬರಹ ಇದ್ದ ಜಾಗದಲ್ಲಿ ಕಿಟಕಿಯಂಥ ತೂತು. ಅದರ ಕೆಳಗಿನ ಸಾಲುಗಳನ್ನು ಬೆರಳಿಟ್ಟು ಓದಿದಳು. ಹಯಾತ್ ಸಾಹೇಬರ ಹೆಸರು, ಕುಣಿಗಲ್ ತಾಲ್ಲೂಕಿನ ಊರು, ಮಕ್ಕಳ ಹೆಸರು, ಎಲ್ಲ ಇತ್ತು.

"ಕತ್ರಿ ಇನ್ನೊಂದು ಅಂಗುಲ ಕೆಳುಗೆ ಓಡಿದ್ರೆ ತಲೆ ಉಳೀತಿತ್ತು" ಎಂದಳು.

ಶಾರದ ನಗಲಿಲ್ಲ. ಗುಬ್ಬಿಯಲ್ಲಿ ಆದದ್ದನ್ನೆಲ್ಲ ಕೇಳಿಸಿಕೊಂಡು, "ಮಾವ್ನೋರಿಗೆ ನಿಜ ಹೇಳ್ಬುಡಿ ಅಣ್ಣ" ಎಂದಳು.

"ಹುಚ್ಚಿ. ಅವರು ನನ್ನನ್ನ ದೊಡ್ಡ ಮನುಷ್ಯ ಅಂದ್ಕೊಂಡವ್ರೆ. ಮದ್ವೆ ಆದ್ಮೇಲೆ ನೋಡಣ."

"ಮದ್ವೆ ಆದ್ಮೇಲೆ ಆ ಮನೇಲಿರೋಳು ನಾನು. ಅವ್ರು ನಿಮ್ಮುನ್ನ ಹೊಗಳ್ದಾಗೆಲ್ಲ ನಾನು ತಲೆ ತಗ್ಗಿಸ್ಬೇಕಾ? ಇಷ್ಟ್ ವರ್ಷ ಜನ ಇಲ್ಲ ಅಂತ ತಗ್ಗಿಸ್ದೆ. ಇನ್ಮೇಲೆ ಇದ್ಕೆ ತಗ್ಗಿಸ್ಲಾ?"

ನನ್ನ ತಂಗಿ ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಅವಳಿಗೆ ಜನ ತಂದುಕೊಡಲು ಹೊರಟವನು ನಾನು. ಅವಳಿಗೆ ಬೇಕಾಗಿದ್ದದ್ದು ತಲೆ ಎತ್ತಿ ನಡೆಯುವುದು ಎಂಬುದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಿಶ್ಚಿತಾರ್ಥದ ದಿನ ನಾನೇ ಹೇಳುತ್ತೇನೆ, ಇಲ್ಲದಿದ್ದರೆ ನೀನು ಹೇಳು ಎಂದು ಮಾತು ಕೊಟ್ಟೆ.

ಮೂರು ವಾರದ ನಂತರ ನಿಶ್ಚಿತಾರ್ಥ ನಡೆಯಿತು. ನನ್ನ ತಲೆಯ ಮೇಲೆ ಆಗ ತಾನೇ ಮೊಳಕೆ ಬಂದಿತ್ತು. ಅವರ ಕಡೆಯಿಂದ ಮೂವತ್ತು ಜನ ಬಂದರು. ನಮ್ಮ ಕಡೆಯ ಜಮಖಾನೆಯ ಮೇಲೆ ನಾನೂ ಪಕ್ಕದ ಮನೆಯವರೂ ಕೂತಿದ್ದೆವು. ಆಗ ಗೇಟಿನ ಹತ್ತಿರ ಒಂದು ವ್ಯಾನು ನಿಂತಿತು. ಇಮ್ತಿಯಾಜ್, ಅವರ ಚಿಕ್ಕಪ್ಪ, ತಮ್ಮಂದಿರು, ಇನ್ನೂ ನಾಲ್ಕೈದು ಜನ ಹಣ್ಣಿನ ತಟ್ಟೆ ಹಿಡಿದುಕೊಂಡು ಇಳಿದರು. ಚಿಕ್ಕಣ್ಣನವರು ಕರೆದಿದ್ದರಂತೆ. ಒಳಗೆ ಬಂದವರು ಎರಡೂ ಕಡೆ ನೋಡಿ, ಗಂಡಿನ ಕಡೆ ಜಾಗವಿದ್ದರೂ ಬಂದು ನಮ್ಮ ಜಮಖಾನೆಯ ಮೇಲೆ ಕೂತರು. ನಮ್ಮ ಕಡೆ ತುಂಬಿತು.

ಬಾಗಿಲಲ್ಲಿ ನಿಂತಿದ್ದ ಶಾರದ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು ನಿಂತೆ. ಫಾರಂನಿಂದ ಶುರು ಮಾಡಿ ಕತ್ತರಿಯವರೆಗೆ ಎಲ್ಲ ಹೇಳಿದೆ. ಸಾಹುಕಾರರು ಯಾರೆಂದು ಗೊತ್ತಿದ್ದರೆ ತಲೆ ಬೋಳಿಸುವುದಿರಲಿ, ಬಸ್ಸೂ ಹತ್ತುತ್ತಿರಲಿಲ್ಲ ಎಂದೂ ಹೇಳಿದೆ. ಆ ಮಾತು ಹೇಳುವಾಗ ಇಮ್ತಿಯಾಜರ ಮುಖ ನೋಡಲು ಆಗಲಿಲ್ಲ. ನೆಲ ನೋಡಿಕೊಂಡು, "ಕ್ಷಮಿಸಿ" ಎಂದೆ.

ಚಿಕ್ಕಣ್ಣನವರು ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡರು.

"ಗೊತ್ತು ಬುಡಿ" ಎಂದರು. "ಫೈಲ್ ಮೇಲೆ ವಂಶಾವಳಿ ಅಂತ ಅಷ್ಟು ದಪ್ಪಕೆ ಬರ್ದಿದ್ರಲ್ಲ. ಮೇಷ್ಟ್ರಪ್ಪ ಕಣ್ರೀ ನಾನು, ಓದೋಕ್ ಬರುತ್ತೆ. ನೀವಾಗ್ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ."

"ನಂಗೂ ಅವತ್ತೇ ಗೊತ್ತಾಯ್ತು" ಎಂದರು ಇಮ್ತಿಯಾಜ್. "ಚಿಕ್ಕಪ್ಪ ಇನ್ನೂ ಹೇಳ್ತಾ ಇರ್ತಾರೆ, ಮನೆದೇವ್ರು ಯಾವ್ದು ಅಂತ ಕೇಳಿದ್ರಲ್ಲ, ಆವಯ್ಯ ಚೆನ್ನಾಗವ್ರಾ ಅಂತ."

ಎಲ್ಲರೂ ನಕ್ಕರು. ಹಾಗಾದರೆ ಎಲ್ಲರಿಗೂ ಗೊತ್ತಿತ್ತು. ಮೂರು ವಾರದಿಂದ ನಾನೊಬ್ಬನೇ ನನ್ನ ಗುಟ್ಟನ್ನು ಕಾಯುತ್ತ ನಿದ್ದೆಗೆಟ್ಟಿದ್ದೆ. ಆದರೂ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಸಣ್ಣದೊಂದು ಆಸೆ ಎದ್ದಿತು. ಇಷ್ಟೆಲ್ಲ ಗೊತ್ತಿದ್ದೂ ಈ ಸಂಬಂಧ ಬಿಡಲಿಲ್ಲವೆಂದರೆ, ನನ್ನಲ್ಲಿ ಏನೋ ಒಳ್ಳೆಯದನ್ನು ಕಂಡಿರಬೇಕು.

"ಗೊತ್ತಿದ್ದೂ ಯಾಕೆ ಒಪ್ಕೊಂಡ್ರಿ?" ಎಂದು ಕೇಳಿದೆ.

ಚಿಕ್ಕಣ್ಣನವರು ಒಮ್ಮೆ ಶಾರದಳ ಕಡೆ ನೋಡಿದರು, ಒಮ್ಮೆ ನನ್ನ ತಲೆಯ ಕಡೆ ನೋಡಿದರು.

"ನಾವ್ ಒಪ್ಪಿದ್ದು ಹುಡ್ಗೀನ ಕಣ್ರೀ. ನಿಮ್ಮುನ್ನಲ್ಲ."

ಶಾರದ ಅವತ್ತು ಮೊದಲ ಸಲ ಎಲ್ಲರ ಎದುರು ತಲೆಯೆತ್ತಿ ನಕ್ಕಳು. ಈಗ ಅವಳು ಹುಲಿಯೂರುದುರ್ಗದಲ್ಲಿದ್ದಾಳೆ. ಪ್ರತಿ ವರ್ಷ ಗುಬ್ಬಿಯ ಮಂಡಿಯಿಂದ ಅವಳಿಗೊಂದು, ನಮಗೊಂದು ಹುಣಸೆಹಣ್ಣಿನ ಮೂಟೆ ಬರುತ್ತದೆ. ಹಿತ್ತಾಳೆ ಬೋರ್ಡನ್ನು ಗಿರಿಜ ಇಡ್ಲಿ ಪಾತ್ರೆಯ ಮೇಲೆ ಭಾರಕ್ಕೆ ಇಡುತ್ತಾಳೆ. ಗೇಟಿನ ಮೇಲೆ ಮತ್ತೆ ಹೆಚ್. ರಾಜಣ್ಣ ಬಂದಿದ್ದಾನೆ, ಒಂದು ಅಕ್ಷರ, ಒಂದು ಚುಕ್ಕೆ. ಜನ ಈಗಲೂ ನೀರಿನ ಟ್ಯಾಂಕ್ ಪಕ್ಕದ ಮನೆ ಎಂದೇ ಹುಡುಕಿಕೊಂಡು ಬರುತ್ತಾರೆ. ಬಂದವರಲ್ಲಿ ಯಾರಾದರೂ ಆ ಹೆಚ್ ಅಂದರೆ ಏನು ಎಂದು ಕೇಳಿದರೆ ನಾನು ಉತ್ತರ ಕೊಡುವುದಿಲ್ಲ, ಕೂದಲು ಇದೆಯೇ ಎಂದು ಒಮ್ಮೆ ತಲೆ ಮುಟ್ಟಿ ನೋಡಿಕೊಳ್ಳುತ್ತೇನೆ.